ವ್ಯಾಕರಣ ಮೊದಲು, ಮಾತು ಆಮೇಲೆ: ಹೊಸೂರು–ಕೃಷ್ಣಗಿರಿ ಸೀಮೆಯಲ್ಲಿ ಇಂಗ್ಲಿಷ್ ಕಲಿಕೆಯ ಚರಿತ್ರೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

  

ಒಂದು ಸರಳ ಪ್ರಶ್ನೆಯಿಂದ ಶುರು ಮಾಡ್ತೀನಿ. ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರು ಕಡೆಯ ಒಬ್ಬ ಹುಡುಗ ಮನೆಯಲ್ಲಿ ಕನ್ನಡ ಮಾತಾಡ್ತಾನೆ, ಅಂಗಡಿಯಲ್ಲಿ ತೆಲುಗು, ಬಸ್ಸಿನಲ್ಲಿ ತಮಿಳು. ಇವುಗಳಲ್ಲಿ ಎರಡಕ್ಕಾದರೂ ಅವನು ಯಾವತ್ತೂ ವ್ಯಾಕರಣದ ಪುಸ್ತಕ ತೆರೆದಿರುವುದಿಲ್ಲ. ಇಂಗ್ಲಿಷನ್ನು ಮಾತ್ರ ಹತ್ತು ವರ್ಷ ವ್ಯಾಕರಣದ ಸಮೇತ ಓದಿರುತ್ತಾನೆ. ಸಂದರ್ಶನಕ್ಕೆ ಕೂತಾಗ ಬಾಯಿ ಕಟ್ಟುವುದು ಈ ನಾಲ್ಕನೆಯ ಭಾಷೆಯಲ್ಲೇ. ಇದಕ್ಕೆ ನಾವು ಕೊಡುವ ಸಿದ್ಧ ಉತ್ತರ ‘ಗ್ರಾಮರ್ ವೀಕು’ ಅಂತ. ಇವತ್ತಿನ ನನ್ನ ವಾದ ಇದರ ವಿರುದ್ಧ ಇದೆ. ನಮ್ಮ ಸೀಮೆಗೆ ಇಂಗ್ಲಿಷ್ ಬಂದದ್ದೇ ಬರೆಯುವ, ಪರೀಕ್ಷೆ ಪಾಸು ಮಾಡುವ, ತಪ್ಪು ಎಣಿಸುವ ಭಾಷೆಯಾಗಿ. ಮಾತನ್ನು ಯಾವ ಕಾಲದಲ್ಲೂ ವ್ಯವಸ್ಥಿತವಾಗಿ ಕಲಿಸಲಿಲ್ಲ. ಆದ್ದರಿಂದ ಆತ್ಮವಿಶ್ವಾಸದ ಕೊರತೆಯನ್ನು ಹುಡುಗನ ಸ್ವಭಾವದಲ್ಲಿ ಹುಡುಕುವ ಮುಂಚೆ ಶಾಲೆಯ ಚರಿತ್ರೆಯಲ್ಲಿ ಹುಡುಕಬೇಕು.

ಮೊದಲು ಸ್ವಲ್ಪ ಹಿನ್ನೆಲೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ ಬಾರಾಮಹಲನ್ನು, ಅಂದರೆ ಕೃಷ್ಣಗಿರಿ–ಧರ್ಮಪುರಿ ಸೀಮೆಯನ್ನು, ಕಂಪನಿಗೆ ಬಿಟ್ಟುಕೊಟ್ಟ. ಘಟ್ಟದ ಮೇಲಿನ ಹೊಸೂರು ಸೀಮೆ 1799ರ ನಂತರ ಸೇರಿತು. ಬಾರಾಮಹಲಿಗೆ ಕಲೆಕ್ಟರಾಗಿ ಬಂದವನು ಅಲೆಕ್ಸಾಂಡರ್ ರೀಡ್, ಅವನ ಸಹಾಯಕರಲ್ಲಿ ಒಬ್ಬ ಥಾಮಸ್ ಮನ್ರೋ. ಇಬ್ಬರೂ ಸೈನ್ಯದವರು. ಕಂದಾಯದ ಕೆಲಸಕ್ಕೆ ಸೈನ್ಯದವರನ್ನು ಯಾಕೆ ಹಾಕಿದರು? ಸಿವಿಲ್ ಅಧಿಕಾರಿಗಳಿಗೆ ದೇಶಭಾಷೆಗಳು ಬರುತ್ತಿರಲಿಲ್ಲ ಅನ್ನುವುದು ಮುಖ್ಯ ಕಾರಣ. ಅಂದ್ರೆ ಈ ಸೀಮೆಯಲ್ಲಿ ಇಂಗ್ಲಿಷ್ ಆಡಳಿತದ ಮೊದಲ ಭಾಷಾಸಮಸ್ಯೆ ನಮ್ಮವರಿಗೆ ಇಂಗ್ಲಿಷ್ ಬರದಿರುವುದಲ್ಲ, ಅವರಿಗೆ ಕನ್ನಡ–ತಮಿಳು–ತೆಲುಗು ಬರದಿರುವುದು!

ಆ ಸಮಸ್ಯೆಯನ್ನು ಅವರು ಹೇಗೆ ಬಗೆಹರಿಸಿಕೊಂಡರು ಅನ್ನೋದು ಗಮನಿಸಬೇಕಾದ ಸಂಗತಿ. 1812ರಲ್ಲಿ ಮದ್ರಾಸಿನಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ತೆರೆದರು. ಹೊಸದಾಗಿ ಬಂದ ಅಧಿಕಾರಿಗಳು ಅಲ್ಲಿ ನಮ್ಮ ಭಾಷೆ ಕಲಿಯಬೇಕು, ಪರೀಕ್ಷೆ ಕೊಡಬೇಕು. ಕಲಿಯುವವರಿಗೆ ಪುಸ್ತಕ ಬೇಕಲ್ಲ. ಕ್ಯಾಂಬೆಲ್‌ನ ತೆಲುಗು ವ್ಯಾಕರಣ 1816ರಲ್ಲಿ, ಜಾನ್ ಮೆಕೆರೆಲ್‌ನ ಕನ್ನಡ ವ್ಯಾಕರಣ 1820ರಲ್ಲಿ ಬಂದವು. ಇದಕ್ಕೆ ಮೊದಲೇ, 1817ರಲ್ಲಿ, ಸೆರಾಂಪುರದಿಂದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂದಿತ್ತು. ಆದರೆ ಆ ಅಧಿಕಾರಿ ಬರೀ ಪುಸ್ತಕದಿಂದ ಕಲಿಯಲಿಲ್ಲ. ಪಕ್ಕದಲ್ಲಿ ಮುನ್ಷಿ ಇದ್ದ, ಎದುರಿಗೆ ರೈತ ಇದ್ದ, ಜಮಾಬಂದಿಯಲ್ಲಿ ದಿನವಿಡೀ ಮಾತು ಕೇಳಬೇಕಿತ್ತು. ಅವನ ಕನ್ನಡ ತಪ್ಪಾದರೆ ನಗುವ ಧೈರ್ಯ ಯಾರಿಗೂ ಇರಲಿಲ್ಲ ಅನ್ನೋದನ್ನೂ ಸೇರಿಸಿಕೊಳ್ಳಿ. ತಪ್ಪು ಮಾತಾಡಲು ಅವಕಾಶ ಇದ್ದವನು ಬೇಗ ಕಲೀತಾನೆ.

ಈಗ ಈ ಕಡೆಗೆ ಬರೋಣ. ಅದೇ ಮನ್ರೋ ಮುಂದೆ ಮದ್ರಾಸಿನ ಗವರ್ನರ್ ಆದ. 1822ರಲ್ಲಿ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ಕೇಳಿದ. 1826ರ ಅವನ ಟಿಪ್ಪಣಿಯಲ್ಲಿ ಇಡೀ ಪ್ರೆಸಿಡೆನ್ಸಿಗೆ 12,498 ಶಾಲೆಗಳ ಲೆಕ್ಕ ಇದೆ. ಆ ವರದಿಗಳಲ್ಲಿ ಕನ್ನಡದವರು ಓದಲೇಬೇಕಾದದ್ದು ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ಕಳಿಸಿದ್ದು. ತೆಲುಗು ವ್ಯಾಕರಣ ಬರೆದನಲ್ಲ, ಅವನೇ. ಅವನ ಜಿಲ್ಲೆಯ 533 ಶಾಲೆಗಳಲ್ಲಿ ಕನ್ನಡದವು 235, ತೆಲುಗು 226, ಮರಾಠಿ 23, ಸಂಸ್ಕೃತ 23, ಪರ್ಷಿಯನ್ 21, ತಮಿಳು 4. ಇಂಗ್ಲಿಷ್? ಒಂದೇ ಒಂದು.

ಕ್ಯಾಂಬೆಲ್ ಕೂಲಿಮಠದ ದಿನಚರಿಯನ್ನೂ ಬರೆದಿದ್ದಾನೆ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಮುಂದಕ್ಕೆ ಏಟು, ಒಂದೊಂದೇ ಹೆಚ್ಚಾಗುತ್ತ. ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದಬೇಕು. ಅವನ ಮುಖ್ಯ ದೂರು ಏನೆಂದರೆ, ಮಕ್ಕಳು ರಾಶಿ ಪದ್ಯಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ, ಅರ್ಥ ಗೊತ್ತಿರುವುದಿಲ್ಲ. ಪದ್ಯದ ಭಾಷೆಯೇ ಬೇರೆ, ಮನೆಯ ಮಾತೇ ಬೇರೆ. ಈ ದೂರನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಕೂಲಿಮಠದಲ್ಲಿ ಮಗ್ಗಿ, ಲೆಕ್ಕ, ಕಾಗದ–ಪತ್ರ ಕಲಿತವರೇ ಊರಿನ ವ್ಯವಹಾರ ನಡೆಸಿದ್ದು. ಆದರೂ ಒಂದು ಮಾತು ನಿಜ: ಓದಿನ ಭಾಷೆಯನ್ನು ಮಾತಾಡಬೇಕಾಗಿಲ್ಲ, ಒಪ್ಪಿಸಿದರೆ ಸಾಕು ಅನ್ನುವ ಅಭ್ಯಾಸ ಆಗಲೇ ಇತ್ತು. ಇಂಗ್ಲಿಷ್ ಬಂದು ಅದೇ ಮಣೆಯ ಮೇಲೆ ಕೂತಿತು.

ಮನ್ರೋ ಪ್ರತಿ ಕಲೆಕ್ಟರೇಟಿಗೆ, ತಹಶೀಲಿಗೆ ಶಾಲೆ ತೆರೆಯುವ ಯೋಜನೆ ಹಾಕಿದ್ದ. 1827ರಲ್ಲಿ ಅವನು ತೀರಿಕೊಂಡ, ಯೋಜನೆ ಬಾಡಿತು. 1835ರಲ್ಲಿ ಮೆಕಾಲೆಯ ಟಿಪ್ಪಣಿ, 1844ರಲ್ಲಿ ಸರ್ಕಾರಿ ಕೆಲಸಕ್ಕೆ ಇಂಗ್ಲಿಷ್ ಓದಿದವರಿಗೆ ಆದ್ಯತೆ ಅನ್ನುವ ಹಾರ್ಡಿಂಜ್‌ನ ನಿರ್ಣಯ, 1854ರಲ್ಲಿ ವುಡ್‌ನ ಆದೇಶಪತ್ರ, 1857ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ. ಇವೆಲ್ಲ ಪಠ್ಯಪುಸ್ತಕದಲ್ಲಿ ಇರೋದೇ, ಬೇಗ ದಾಟ್ತೀನಿ. ನಮಗೆ ಮುಖ್ಯವಾದದ್ದು ಮೆಟ್ರಿಕ್ಯುಲೇಷನ್ ಪರೀಕ್ಷೆ. ಮಾತು ಬಂದರೂ ಬರದಿದ್ದರೂ ಬರಹ ಶುದ್ಧವಿದ್ದರೆ ಗುಮಾಸ್ತನ ಕೆಲಸಕ್ಕೆ ದಾರಿ.

ಆ ದಾರಿಯಲ್ಲಿ ಹೋದ ನಮ್ಮ ಸೀಮೆಯ ಅತ್ಯಂತ ಪ್ರಸಿದ್ಧರು ರಾಜಾಜಿ. 1878ರಲ್ಲಿ ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ ಹುಟ್ಟಿದರು, ಹೊಸೂರಿನ ಶಾಲೆಯಲ್ಲಿ ಓದಿದರು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಆಗ ಅದು ಮೈಸೂರು ಸಂಸ್ಥಾನದ ನೆಲದಲ್ಲಿದ್ದರೂ ಪರೀಕ್ಷೆ ಮದ್ರಾಸ್ ವಿಶ್ವವಿದ್ಯಾಲಯದ್ದೇ. ಆಮೇಲೆ ಮದ್ರಾಸಿನಲ್ಲಿ ಕಾನೂನು. ಅವರ ಇಂಗ್ಲಿಷ್ ಬರವಣಿಗೆಯ ಸರಳತೆಯನ್ನು ಇವತ್ತಿಗೂ ಮೆಚ್ಚುತ್ತಾರೆ. 1938ರಲ್ಲಿ ಶಾಲೆಗಳಿಗೆ ಹಿಂದೂಸ್ತಾನಿ ತಂದವರೂ ಅವರೇ, 1965ರಲ್ಲಿ ಹಿಂದಿ ಬೇಡ, ಇಂಗ್ಲಿಷ್ ಇರಲಿ ಅಂತ ವಾದಿಸಿದವರೂ ಅವರೇ. ಆದರೆ ‘ಹೊಸೂರಿನ ಹುಡುಗನೊಬ್ಬ ಹೀಗೆ ಮೇಲೆ ಬಂದ, ನೀವೂ ಬನ್ನಿ’ ಅಂತ ಭಾಷಣಗಳಲ್ಲಿ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಓದಿನ ಮನೆತನ, ಬೆಂಗಳೂರಿನ ಕಾಲೇಜು, ಇಂಗ್ಲಿಷಿನಲ್ಲೇ ವಾದ ಮಾಡಬೇಕಾದ ವಕೀಲಿ, ಇವು ಅವರಿಗೆ ಮಾತಾಡುವ ಜಾಗಗಳನ್ನು ಕೊಟ್ಟವು. ರಾಗಿ ಹೊಲದಿಂದ ಬಂದ ತಳಿಯ ಹುಡುಗನಿಗೆ ಸಿಕ್ಕಿದ್ದು ವ್ಯಾಕರಣದ ಪುಸ್ತಕ ಮಾತ್ರ.

ಆ ಪುಸ್ತಕದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕಂದ್ರೆ ವಿಷಯದ ತಿರುಳು ಇಲ್ಲಿದೆ. ಮೊದಲು ನೆಸ್‌ಫೀಲ್ಡ್, 1930ರ ದಶಕದಿಂದ ರೆನ್ ಮತ್ತು ಮಾರ್ಟಿನ್. ಈಗಲೂ ನಮ್ಮ ಎಷ್ಟೋ ಮನೆಗಳಲ್ಲಿ ಅಣ್ಣನಿಂದ ತಮ್ಮನಿಗೆ ಬಂದ ಆ ಪುಸ್ತಕ ಇದೆ. ರೆನ್–ಮಾರ್ಟಿನ್ ಪುಸ್ತಕವನ್ನು ಮೊದಲು ಬರೆದದ್ದು ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಅಂತ ಹೇಳುತ್ತಾರೆ. ಇಂಗ್ಲಿಷನ್ನು ಆಗಲೇ ಮಾತಾಡುವ ಮಗುವಿಗೆ ವ್ಯಾಕರಣ ಅಂದರೆ ಗೊತ್ತಿರೋದಕ್ಕೆ ಹೆಸರಿಡುವುದು. ನಮ್ಮ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದದ್ದೂ ಕನ್ನಡ ಬಲ್ಲವರಿಗೇ, ಅದನ್ನು ಓದಿ ಯಾರೂ ಕನ್ನಡ ಮಾತಾಡಲು ಕಲಿಯಲಿಲ್ಲ. ಮಾತು ಬರದ ಮಗುವಿನ ಕೈಗೆ ಅಂಥದೇ ಪುಸ್ತಕ ಕೊಟ್ಟರೆ ಅದು ಹೆಸರುಗಳನ್ನು ಮಾತ್ರ ಕಲಿಯುತ್ತದೆ.

ಒಂದು ಉದಾಹರಣೆ. ‘ಐ ಕೇಮ್’, ‘ಐ ಹ್ಯಾವ್ ಕಮ್’ ನಡುವಿನ ವ್ಯತ್ಯಾಸಕ್ಕೆ ವಾರಗಟ್ಟಲೆ ಪಾಠ ಆಗುತ್ತೆ. ಆದರೆ ‘ಬಂದೆ’, ‘ಬಂದಿದೀನಿ’ ಅನ್ನುವ ವ್ಯತ್ಯಾಸ ಕನ್ನಡದ ಐದು ವರ್ಷದ ಮಗುವಿಗೂ ಗೊತ್ತು. ತಮಿಳಿನ ಮಗುವಿಗೂ ‘ವಂದೇನ್’, ‘ವಂದಿರುಕ್ಕೇನ್’ ಗೊತ್ತು. ಎಲ್ಲ ಕಡೆಯೂ ಎರಡೂ ಸರಿಯಾಗಿ ಹೊಂದುವುದಿಲ್ಲ, ಆದರೆ ಶುರು ಮಾಡೋದಕ್ಕೆ ಧಾರಾಳ ಸಾಕು. ಇನ್ನು ಕರ್ಮಣಿ ಪ್ರಯೋಗ ನೋಡಿ. ‘ಪತ್ರವು ಅವನಿಂದ ಬರೆಯಲ್ಪಟ್ಟಿತು’ ಅಂತ ಕೃಷ್ಣಗಿರಿ ಸಂತೆಯಲ್ಲಿ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಮನೆಮಾತಿನಲ್ಲಿ ಇಲ್ಲದ ಈ ರೂಪಕ್ಕೆ ಅಂಕ ಹೆಚ್ಚು, ಮನೆಮಾತಿನಲ್ಲಿ ಇರುವ ರೂಪಕ್ಕೆ ಸೇತುವೆ ಕಟ್ಟುವವರಿಲ್ಲ.

ಇದನ್ನು ಸರಿಪಡಿಸುವ ಪ್ರಯತ್ನಗಳು ನಡೆಯಲಿಲ್ಲ ಅಂತ ಅಲ್ಲ. 1959ರ ಸುಮಾರಿಗೆ ಮದ್ರಾಸ್ ರಾಜ್ಯದಲ್ಲಿ ಒಂದು ದೊಡ್ಡ ಯೋಜನೆ ಶುರುವಾಯಿತು. ಮೊದಲ ಹಂತದ ಇಂಗ್ಲಿಷ್ ಕಲಿಸುವ 27,000 ಶಿಕ್ಷಕರಿಗೆ ಹೊಸ ತರಬೇತಿ. ನಿಯಮ ಹೇಳಿಕೊಡೋದು ಬಿಟ್ಟು ವಾಕ್ಯದ ಮಾದರಿಗಳನ್ನು ಬಾಯಲ್ಲಿ ಆಡಿಸಿ ರೂಢಿ ಮಾಡಿಸುವ ವಿಧಾನ. ಇದಕ್ಕೆ ‘ಮದ್ರಾಸ್ ಸ್ನೋಬಾಲ್’ ಅಂತ ಹೆಸರು ಬಂತು, ಅಂದರೆ ಹಿಮದುಂಡೆ. (ಸೇಲಂ ಬಿಸಿಲಲ್ಲಿ ಹಿಮದುಂಡೆ ಎಷ್ಟು ಹೊತ್ತು ಉಳಿಯುತ್ತೆ, ನೀವೇ ಯೋಚಿಸಿ.) ಕೆಲವರು ಕಲಿತು ಹಲವರಿಗೆ, ಆ ಹಲವರು ಇನ್ನಷ್ಟು ಜನಕ್ಕೆ ಕಲಿಸಬೇಕು. ಹೊಸೂರು ತಾಲ್ಲೂಕು ಆಗ ಮದ್ರಾಸ್ ರಾಜ್ಯದ ಸೇಲಂ ಜಿಲ್ಲೆಯಲ್ಲಿತ್ತು, ಹಾಗಾಗಿ ಇದು ನಮ್ಮ ಚರಿತ್ರೆಯೂ ಹೌದು. ಹೀಗೆ ಕೈಯಿಂದ ಕೈಗೆ ದಾಟುವ ತರಬೇತಿ ಕೆಳಗೆ ಬಂದಂತೆ ತೆಳುವಾಗುತ್ತೆ. ತನಗೇ ಮಾತಾಡಲು ಅಳುಕುವ ಶಿಕ್ಷಕ ಐವತ್ತು ಮಕ್ಕಳನ್ನು ಮಾತಾಡಿಸಬೇಕು, ಕೊನೆಗೆ ನಡೆಯುವ ಪರೀಕ್ಷೆ ಮಾತ್ರ ಬರಹದ್ದೇ.

1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ರಾಜ್ಯಗಳಿಗಾಗಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂತು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸಿನ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಅಂತ ಇವತ್ತು ಲೋಕದ ಭಾಷಾಬೋಧನೆಯ ಪುಸ್ತಕಗಳಲ್ಲೆಲ್ಲ ಇದೆ. ವ್ಯಾಕರಣದ ಪಾಠಪಟ್ಟಿಯೇ ಇಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು ಲೆಕ್ಕ ಹಾಕಿಸುವುದು. ಮಗುವಿನ ಗಮನ ಉತ್ತರದ ಮೇಲಿದ್ದಾಗ ಭಾಷೆಯ ರಚನೆ ತಾನಾಗಿ ಒಳಗೆ ಕೂರುತ್ತದೆ ಅನ್ನುವುದು ಅವರ ನಂಬಿಕೆ. ಹೊಸೂರಿಂದ ನಲವತ್ತು ಕಿಲೋಮೀಟರ್ ದೂರದಲ್ಲಿ ನಡೆದ ಕೆಲಸ ಇದು! ನಮ್ಮ ತರಗತಿಗಳಲ್ಲಿ ಮಾತ್ರ ‘ಫಿಲ್ ಇನ್ ದ ಬ್ಲಾಂಕ್ಸ್’ ಮುಂದುವರಿಯಿತು.

ಈಗ ಗಡಿನಾಡಿನ ವಿಶೇಷಕ್ಕೆ ಬರ್ತೀನಿ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ಹೊಸೂರು ಮದ್ರಾಸಿನಲ್ಲೇ ಉಳಿಯಿತು. 1968ರ ಜನವರಿಯಲ್ಲಿ ತಮಿಳುನಾಡು ದ್ವಿಭಾಷಾ ನೀತಿ ಒಪ್ಪಿಕೊಂಡಿತು. ಇಲ್ಲಿನ ಕನ್ನಡ ಶಾಲೆಯ ಮಗುವಿಗೆ ಆ ಎರಡು ಭಾಷೆ ಅಂದರೆ ಕನ್ನಡ ಮತ್ತು ಇಂಗ್ಲಿಷ್. ತಮಿಳು ಓದದೆಯೇ ಶಾಲೆ ಮುಗಿಸಬಹುದಿತ್ತು. ಇದರ ಪರಿಣಾಮವನ್ನು ನಾವು ಸಾಕಷ್ಟು ಗಮನಿಸಿಲ್ಲ. ಉಳಿದ ತಮಿಳುನಾಡಿಗೆ ಇಂಗ್ಲಿಷ್ ಹೊರಲೋಕದ ಕಿಟಕಿ ಆಗಿದ್ದರೆ, ತಮಿಳು ಬರೆಯಲು ಬಾರದ ನಮ್ಮವರಿಗೆ ತಾಲ್ಲೂಕು ಕಚೇರಿಯ ಅರ್ಜಿಗೂ ಅದೇ ಊರುಗೋಲು. 2006ರ ತಮಿಳು ಕಲಿಕೆ ಕಾಯ್ದೆ ಇದನ್ನು ಬದಲಿಸಿತು. 2006–07ರಲ್ಲಿ ಒಂದನೇ ತರಗತಿಗೆ ಸೇರಿದವರಿಂದ ತಮಿಳು ಕಡ್ಡಾಯ, ಅವರು 2015–16ರಲ್ಲಿ ಹತ್ತನೇ ತರಗತಿಗೆ ಬಂದರು. ತಮಿಳು ಮೊದಲ ಭಾಗ, ಇಂಗ್ಲಿಷ್ ಎರಡನೇ ಭಾಗ, ಮಾತೃಭಾಷೆ ಐಚ್ಛಿಕ. ಅಲ್ಪಸಂಖ್ಯಾತ ಭಾಷಾ ಶಾಲೆಗಳು ನ್ಯಾಯಾಲಯದಿಂದ ವಿನಾಯಿತಿ ಪಡೆಯುತ್ತ ಬಂದಿವೆ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಒಂದು ವರ್ಷದ ವಿನಾಯಿತಿ ಕೊಟ್ಟಿತು. ಹೀಗೆ ವರ್ಷ ವರ್ಷ ಕಾಯುವ ಅಪ್ಪ–ಅಮ್ಮ ‘ಯಾಕೆ ಈ ರಗಳೆ’ ಅಂತ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಜೊತೆಗೆ ಕಾರ್ಖಾನೆಗಳು. 1970ರ ದಶಕದಲ್ಲಿ ಸಿಪ್ಕಾಟ್, 1980ರ ಹೊತ್ತಿಗೆ ಅಶೋಕ್ ಲೇಲ್ಯಾಂಡ್ ಮತ್ತು ಟಿವಿಎಸ್, ಆಮೇಲೆ ಟೈಟಾನ್. ಮೊದಲ ಸಲ ಇಂಗ್ಲಿಷ್ ಮಾತು ಇಲ್ಲಿ ಕೂಲಿಯ ವಿಷಯವಾಯಿತು. ಕಪಿಲ್ ದೇವ್ ಜಾಹೀರಾತಿನ ರ‍್ಯಾಪಿಡೆಕ್ಸ್ ಪುಸ್ತಕ, ಬಸ್‌ಸ್ಟ್ಯಾಂಡ್ ಪಕ್ಕದ ಮಾಳಿಗೆಗಳ ಮೇಲೆ ಸ್ಪೋಕನ್ ಇಂಗ್ಲಿಷ್ ಬೋರ್ಡುಗಳು ಈ ಹಸಿವಿಗೆ ಉತ್ತರ. ಪಂಡಿತರು ಇವನ್ನು ನೋಡಿ ನಗುತ್ತಾರೆ. ಶಾಲೆ ನೂರೈವತ್ತು ವರ್ಷ ಕಲಿಸದೆ ಬಿಟ್ಟದ್ದನ್ನು ಅವು ಮಾರುತ್ತಿವೆ, ಅಷ್ಟೇ.

ಇನ್ನು ಪ್ರಶ್ನೆಗಳಿಗೆ ಬರೋಣ.

ಪ್ರಶ್ನೆ: ಹಾಗಾದರೆ ವ್ಯಾಕರಣ ಕಲಿಸಲೇಬಾರದು ಅಂತೀರಾ, ಸರ್?

ಉತ್ತರ: ಇಲ್ಲಮ್ಮ, ಹಾಗಲ್ಲ. ಕಲಿಸಬೇಕು, ಮಾತು ಸ್ವಲ್ಪ ಹರಿದ ಮೇಲೆ. ಮತ್ತು ಕನ್ನಡದ ಮೂಲಕ ಕಲಿಸಬೇಕು. ಮಗುವಿಗೆ ಮೂರು ಭಾಷೆಯ ವ್ಯಾಕರಣ ಆಗಲೇ ಒಳಗೆ ಇದೆ. ಅದನ್ನು ತರಗತಿಯ ಬಾಗಿಲಲ್ಲಿ ಬಿಟ್ಟು ಬಾ ಅನ್ನೋದು ದಡ್ಡತನ.

ಪ್ರಶ್ನೆ: ಆತ್ಮವಿಶ್ವಾಸ ಅನ್ನೋದು ಮನಶ್ಶಾಸ್ತ್ರದ ವಿಷಯ. ಅದಕ್ಕೆ ಚರಿತ್ರೆಯ ಆಕರ ಎಲ್ಲಿಂದ ತರ್ತೀರಿ?

ಉತ್ತರ: ಒಳ್ಳೆ ಪ್ರಶ್ನೆ, ಮೇಡಂ. ಹಳೆಯ ಪ್ರಶ್ನೆಪತ್ರಿಕೆ ನೋಡಿದರೆ ಏನನ್ನು ಅಳೆದರು ಅಂತ ತಿಳಿಯುತ್ತೆ. ನೋಟ್‌ಬುಕ್ ನೋಡಿದರೆ ಕೆಂಪು ಶಾಯಿ ಎಲ್ಲೆಲ್ಲಿ ಬಿತ್ತು ಅಂತ ತಿಳಿಯುತ್ತೆ. ಮುಂದಿನ ಹಂತದಲ್ಲಿ 1968ರಿಂದ 2006ರ ನಡುವೆ ತಳಿ, ಡೆಂಕಣಿಕೋಟೆ ಕಡೆಯ ಕನ್ನಡ ಶಾಲೆಗಳಲ್ಲಿ ಓದಿದವರ ನೆನಪುಗಳನ್ನು ದಾಖಲಿಸುವ ಯೋಜನೆ ಇದೆ. ಈ ಗೋಷ್ಠಿಯಲ್ಲಿ ಆ ಕಡೆಯವರು ಇದ್ದೀರಿ ಅಂತ ಗೊತ್ತು. ಅಟ್ಟದ ಮೇಲೆ ಅಪ್ಪನದೋ ಅಕ್ಕನದೋ ಇಂಗ್ಲಿಷ್ ನೋಟ್‌ಬುಕ್ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ, ಒಂದು ಫೋಟೋ ತೆಗೆದು ವಿಭಾಗಕ್ಕೆ ಕಳಿಸಿ.