ಕ್ರೇಟ್ ಕೊಡುವ ಕೈ, ಹಿಡಿಯುವ ಮೆದುಳು

ವಿಜಯಪುರದ ತಿಕೋಟಾ ಸುತ್ತ ಬೇಸಿಗೆ ಬಂತೆಂದರೆ ಮನೂಕದ (ಒಣದ್ರಾಕ್ಷಿಯ) ಶೆಡ್ಡುಗಳಲ್ಲಿ ಬಿಡುವಿಲ್ಲದ ಕೆಲಸ. ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿದ ದ್ರಾಕ್ಷಿಯನ್ನು ಅಂತಸ್ತಂತಸ್ತಾಗಿ ಬಿಗಿದ ಜಾಳಿಗೆಗಳ ಮೇಲೆ ಹರಡಬೇಕು. ಕೆಳಗಿನವನು ಕ್ರೇಟ್ ಎತ್ತುತ್ತಾನೆ, ಮೇಲಿನವನು ಬಾಗಿ ಹಿಡಿಯುತ್ತಾನೆ. ಕ್ರೇಟು ಎದೆಮಟ್ಟ ದಾಟುವ ಮೊದಲೇ ಮೇಲಿನ ಕೈಗಳು ಅದರಷ್ಟೇ ಅಗಲಕ್ಕೆ ತೆರೆದಿರುತ್ತವೆ. ‘ಹಿಡಿ’ ಅನ್ನುವುದೂ ಬೇಕಿಲ್ಲ. ಪಕ್ಕದಲ್ಲಿ ಚಹಾ ಕುಡಿಯುತ್ತ ನಿಂತ ಮಾಲೀಕನೂ ಇದನ್ನೇ ನೋಡುತ್ತಿರುತ್ತಾನೆ. ನೋಟ ಒಂದೇ, ಆದರೆ ಇಬ್ಬರ ಮೆದುಳಿನಲ್ಲಿ ನಡೆಯುವುದು ಒಂದೇ ಅಲ್ಲ.

ಪಾರ್ಮಾದ ಮಂಗಗಳು

ಇಟಲಿಯ ಪಾರ್ಮಾದಲ್ಲಿ ಜಾಕೊಮೊ ರಿಜ್ಜೊಲಾಟಿ ತಂಡ ಮಂಗಗಳ ಮೆದುಳಿನ ಚಲನಾ ಭಾಗವನ್ನು ಅಭ್ಯಾಸ ಮಾಡುತ್ತಿತ್ತು. ಮಂಗ ತಿನಿಸನ್ನು ಹಿಡಿದಾಗ ಮಿಡಿಯುವ ಕೆಲವು ನರಕೋಶಗಳು, ಮನುಷ್ಯ ಹಿಡಿಯುವುದನ್ನು ಅದು ಸುಮ್ಮನೆ ನೋಡಿದಾಗಲೂ ಮಿಡಿದವು. 1992ರಲ್ಲಿ ಇದು ಪ್ರಕಟವಾಯಿತು; ಮುಂದೆ ಇವಕ್ಕೆ ಕನ್ನಡಿ ನರಕೋಶ ಎಂಬ ಹೆಸರು ಬಿತ್ತು. ಹೆಸರು ಚೆಂದ, ಆದರೆ ಅರ್ಧ ದಾರಿ ತಪ್ಪಿಸುವಂಥದ್ದು. ಕನ್ನಡಿ ಕಂಡದ್ದನ್ನಷ್ಟೇ ಹಿಂದಿರುಗಿಸುತ್ತದೆ. ಮೇಲಿನ ಆಳು ಎತ್ತುವುದನ್ನು ನಕಲು ಮಾಡುತ್ತ ಕೂತರೆ ಕ್ರೇಟು ನೆಲಕ್ಕೇ!

ಚೆಂಡು ನಮ್ಮತ್ತ ಬಂದಾಗ

ಕೈಕಾಲು ಸುಮ್ಮನಿದ್ದಾಗ ಮೆದುಳಿನ ಚಲನಾ ಪ್ರದೇಶದ ಮೇಲೆ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಒಂದು ವಿದ್ಯುತ್ ಲಯ ಸಿಗುತ್ತದೆ. ಅದಕ್ಕೆ ‘ಮ್ಯೂ’ ಎನ್ನುತ್ತಾರೆ. ನಾವು ಕೈ ಆಡಿಸಿದರೂ, ಬೇರೆಯವರು ಆಡಿಸುವುದನ್ನು ನೋಡಿದರೂ ಅದು ಕುಗ್ಗುತ್ತದೆ. 2007ರಲ್ಲಿ ಲಿಂಡ್ಸೆ ಒಬರ್ಮನ್, ವಿ.ಎಸ್. ರಾಮಚಂದ್ರನ್ ಮೊದಲಾದವರು ಮೂರು ಬಗೆಯ ಚೆಂಡಾಟದ ವಿಡಿಯೊ ತೋರಿಸಿದರು: ತಂತಮ್ಮ ಪಾಡಿಗೆ ಚೆಂಡು ಚಿಮ್ಮುವವರು, ಪರಸ್ಪರ ಎಸೆದುಕೊಳ್ಳುವವರು, ನಡುನಡುವೆ ನೋಡುಗನತ್ತಲೂ ಎಸೆಯುವವರು. ಲಯ ಹೆಚ್ಚು ಕುಗ್ಗಿದ್ದು ಮೂರನೆಯದರಲ್ಲಿ. ಆಟದಲ್ಲಿ ನಮಗೊಂದು ಪಾಲಿದ್ದರೆ ನೋಟವೇ ಬೇರೆ.

ಇಟಲಿಯ ಪಾದುವಾದಲ್ಲಿ ಲುಯಿಸಾ ಸಾರ್ತೋರಿ ನಡೆಸಿದ ಪ್ರಯೋಗ ನನಗೆ ಇನ್ನೂ ಹಿಡಿಸುತ್ತದೆ. ತಲೆಯ ಮೇಲಿಟ್ಟ ಸುರುಳಿಯಿಂದ ಕಾಂತೀಯ ಮಿಡಿತ ಕೊಟ್ಟು, ಕೈಸ್ನಾಯು ಎಷ್ಟು ಅದುರಿತೆಂದು ಅಳೆಯುವ ವಿಧಾನ ಅದು. ವಿಡಿಯೊದಲ್ಲಿ ಒಬ್ಬಳು ಚಮಚದಿಂದ ತನ್ನ ಹತ್ತಿರದ ಕಪ್ಪುಗಳಿಗೆ ಸಕ್ಕರೆ ಹಾಕುತ್ತಾಳೆ. ಚಮಚಕ್ಕೆ ಎರಡು ಬೆರಳು ಸಾಕು. ನೋಡುಗನ ಕಿರುಬೆರಳಿನ ಸ್ನಾಯು ತಣ್ಣಗಿರುತ್ತದೆ. ಆಮೇಲೆ ಆಕೆ ನೋಡುಗನ ಕಡೆಯಿರುವ, ತನಗೆ ನಿಲುಕದ ಕಪ್ಪಿನತ್ತ ಕೈ ಚಾಚುತ್ತಾಳೆ. ಆ ಕಪ್ಪನ್ನು ಎತ್ತಿಕೊಡಲು ಇಡೀ ಅಂಗೈ ಬೇಕಲ್ಲ, ಕೂಡಲೇ ಕಿರುಬೆರಳಿನ ಸ್ನಾಯು ಚುರುಕಾಗುತ್ತದೆ. ಕಣ್ಣೆದುರು ಎರಡು ಬೆರಳ ಹಿಡಿತವಿದ್ದರೂ ಒಳಗೆ ಸಜ್ಜಾಗುವುದು ಅಂಗೈ.

ನಿಮ್ಹಾನ್ಸ್‌ನ ಕೀಲಿಕೈ

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಉರ್ವಕ್ಷ್ ಮೆಹ್ತಾ ಮತ್ತು ಸಂಗಡಿಗರು ಇದೇ ಕಾಂತೀಯ ವಿಧಾನವನ್ನು ಸ್ಕಿಜೋಫ್ರೇನಿಯಾ ಇರುವವರಲ್ಲಿ ಬಳಸಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋಡಬೇಕಾದದ್ದು ಕೀಲಿಕೈ ತಿರುಗಿಸುವ ಕೈ. ಔಷಧಿ ಇಲ್ಲದ ರೋಗಿಗಳಲ್ಲಿ ಕೈಸ್ನಾಯುವಿನ ಸ್ಪಂದನ ಆರೋಗ್ಯವಂತರಿಗಿಂತ ಕಡಿಮೆಯಿತ್ತು. ಇತರರ ಮುಖಭಾವ, ಮನಸ್ಸು ಅರಿಯುವ ಕಷ್ಟಕ್ಕೂ ಇದಕ್ಕೂ ನಂಟು ಕಂಡಿತು. ನಂಟು ಅಂದರೆ ಕಾರಣವೇ ಎಂದಲ್ಲ. ಬೇರೆಯವರ ಕ್ರಿಯೆಯ ಅರ್ಥ ಕನ್ನಡಿ ನರಕೋಶಗಳಿಂದಲೇ ಹೊಳೆಯುತ್ತದೆ ಎಂಬ ವಾದವನ್ನು ಗ್ರೆಗರಿ ಹಿಕಾಕ್‌ನಂಥ ಸಂಶೋಧಕರು ಒಪ್ಪುವುದಿಲ್ಲ.

ರೊಟ್ಟಿ ಬಡಿಯುವ ಮನೆ

ರೂಢಿಯೂ ಲೆಕ್ಕಕ್ಕುಂಟು. 2005ರ ಲಂಡನ್ ಅಧ್ಯಯನದಲ್ಲಿ ಬ್ಯಾಲೆ ಮತ್ತು ಕಪೊಯೆರಾ ಎಂಬ ಸಮರಕಲೆಯ ಕುಣಿತ ಕಲಿತವರ ಚಲನಾ ಪ್ರದೇಶಗಳು ತಂತಮ್ಮ ಕುಣಿತ ಕಂಡಾಗಲೇ ಹೆಚ್ಚು ಚುರುಕಾದವು. ಬಬಲೇಶ್ವರದ ಅಡುಗೆಮನೆಗೋ ವಿಜಯಪುರದ ಖಾನಾವಳಿಗೋ ಹೋಗಿ ನೋಡಿ: ಒಬ್ಬಾಕೆ ರೊಟ್ಟಿ ಬಡಿಯುತ್ತಾಳೆ, ಇನ್ನೊಬ್ಬಾಕೆ ಬೇಯಿಸುತ್ತಾಳೆ. ಬಡಿಯುವ ಅಂಗೈ ರೊಟ್ಟಿಯ ಅಂಚಿಗೆ ಬರುವಷ್ಟರಲ್ಲಿ ಒಲೆ ಮುಂದಿನವಳು ಹಿಂದಿನ ರೊಟ್ಟಿಯನ್ನು ಕೆಂಡದತ್ತ ಸರಿಸಿ, ಹಂಚು ಖಾಲಿ ಮಾಡಿ, ನೀರಿನ ಅರಿವೆ ಹಿಂಡಿಕೊಂಡು ಕೂತಿರುತ್ತಾಳೆ.