ಉಲ್ಕೆಯ ವಿಡಿಯೋ: ಬೆಳಕಿನ ಗೆರೆಯನ್ನು ಓದುವ ಬಗೆ

ರಷ್ಯಾದ ಚೆಲ್ಯಾಬಿನ್‌ಸ್ಕ್ ಪ್ರಾಂತ್ಯದ ಆಗಸದಲ್ಲಿ 2013ರ ಫೆಬ್ರವರಿ 15ರ ಬೆಳಗ್ಗೆ ಸೂರ್ಯನನ್ನೂ ಮೀರಿ ಬೆಳಗಿದ ಬೆಂಕಿಯುಂಡೆಯೊಂದು ಹಾದುಹೋಯಿತು. ಅದನ್ನು ಸೆರೆಹಿಡಿದದ್ದು ವೀಕ್ಷಣಾಲಯಗಳ ದೂರದರ್ಶಕಗಳಲ್ಲ. ಅಪಘಾತದ ವ್ಯಾಜ್ಯಗಳಲ್ಲಿ ಸಾಕ್ಷ್ಯಕ್ಕೆಂದು ಚಾಲಕರು ಕಾರಿನ ಮುಂಗಾಜಿನ ಬಳಿ ಇರಿಸಿಕೊಂಡಿದ್ದ ಕ್ಯಾಮೆರಾಗಳು ಹಾಗೂ ಕಟ್ಟಡಗಳ ಕಾವಲು ಕ್ಯಾಮೆರಾಗಳೇ ಆ ಘಟನೆಯ ಮುಖ್ಯ ದಾಖಲೆಗಳಾದವು.

ಒಂದೇ ಕ್ಯಾಮೆರಾದ ಮಿತಿ

ಒಂದು ವಿಡಿಯೋ ತುಣುಕು ಉಲ್ಕೆ ಕಂಡ ದಿಕ್ಕನ್ನು ತಿಳಿಸಬಲ್ಲದೇ ಹೊರತು ಅದರ ದೂರವನ್ನಲ್ಲ. ದೂರ ತಿಳಿಯದೆ ಗಾತ್ರವಾಗಲಿ ವೇಗವಾಗಲಿ ತಿಳಿಯದು. ಹತ್ತಿರದಲ್ಲಿ ನಿಧಾನವಾಗಿ ಸಾಗುವ ಹರಳು ಮತ್ತು ದೂರದಲ್ಲಿ ಅತಿವೇಗದಿಂದ ಸಾಗುವ ಬಂಡೆ ತೆರೆಯ ಮೇಲೆ ಒಂದೇ ರೀತಿ ಕಾಣಬಹುದು. ಆದ್ದರಿಂದ ಪರಸ್ಪರ ದೂರವಿರುವ ಕನಿಷ್ಠ ಎರಡು ಸ್ಥಳಗಳ ದೃಶ್ಯಗಳು ಅಗತ್ಯ. ಎರಡೂ ಕಡೆಯ ದೃಷ್ಟಿರೇಖೆಗಳು ಸಂಧಿಸುವೆಡೆ ಉಲ್ಕೆಯ ನಿಜವಾದ ಸ್ಥಾನ ದೊರೆಯುತ್ತದೆ.

ಅಳತೆಯ ಕ್ರಮ

ಮೊದಲು ಕ್ಯಾಮೆರಾ ಇದ್ದ ಸ್ಥಳವನ್ನು ಕಂಬ, ಕಟ್ಟಡ, ರಸ್ತೆಗಳ ನೆರವಿನಿಂದ ಗುರುತಿಸಲಾಗುತ್ತದೆ. ಚೆಲ್ಯಾಬಿನ್‌ಸ್ಕ್ ಪ್ರಕರಣದಲ್ಲಿ ಸಂಶೋಧಕರು ಅಂತಹ ಸ್ಥಳಗಳಿಗೆ ಹೋಗಿ, ಅದೇ ದೃಶ್ಯವನ್ನು ರಾತ್ರಿಯ ನಕ್ಷತ್ರಗಳೊಂದಿಗೆ ಛಾಯಾಚಿತ್ರ ತೆಗೆದು ಕೋನಗಳನ್ನು ಅಳೆದರು. ಉಲ್ಕೆ ನೇರವಾಗಿ ಕಾಣದ ತುಣುಕುಗಳಲ್ಲಿ ಕಂಬಗಳ ನೆರಳು ಸರಿದ ರೀತಿಯೂ ಲೆಕ್ಕಕ್ಕೆ ಬಂತು.

ಕ್ಯಾಮೆರಾಗಳ ಗಡಿಯಾರವನ್ನು ನಂಬುವಂತಿಲ್ಲ. ಆದರೆ ಉಲ್ಕೆ ಅತ್ಯಂತ ಪ್ರಕಾಶಿಸಿದ ಕ್ಷಣ ಎಲ್ಲ ತುಣುಕುಗಳಿಗೂ ಸಮಾನವಾದ ಕಾರಣ, ಅದನ್ನೇ ಆಧಾರವಾಗಿಟ್ಟು ಅವುಗಳನ್ನು ಹೊಂದಿಸಬಹುದು. ಬೆಳಕಿನ ನಂತರ ಸ್ಫೋಟದ ಸದ್ದು ಕೇಳಿಬರಲು ಹಿಡಿದ ಸಮಯ ದೂರವನ್ನು ಸೂಚಿಸುತ್ತದೆ.

ಹೀಗೆ ಸೆಕೆಂಡಿಗೆ ಸುಮಾರು 19 ಕಿ.ಮೀ. ವೇಗ, ಸುಮಾರು 30 ಕಿ.ಮೀ. ಎತ್ತರದಲ್ಲಿ ಗರಿಷ್ಠ ಪ್ರಕಾಶ ಎಂಬ ಅಂಶಗಳು ಖಚಿತವಾದವು. ಪಥವನ್ನು ಹಿಂದಕ್ಕೆ ಎಳೆದಾಗ ಅದು ಕ್ಷುದ್ರಗ್ರಹಗಳ ಪಟ್ಟಿಯತ್ತ ಸಾಗಿತು. ಮುಂದಕ್ಕೆ ಎಳೆದಾಗ ಚೆಬಾರ್ಕುಲ್ ಸರೋವರದತ್ತ. ಅಲ್ಲಿನ ಹಿಮದಲ್ಲಿ ರಂಧ್ರ ಕಂಡುಬಂದಿದ್ದು, ಅರ್ಧ ಟನ್ನಿಗೂ ಹೆಚ್ಚು ತೂಕದ ಶಿಲೆಯನ್ನು ಅದೇ ವರ್ಷದ ಅಕ್ಟೋಬರ್‌ನಲ್ಲಿ ಮೇಲೆತ್ತಲಾಯಿತು.

ಮೋಸಗೊಳಿಸುವ ದೃಶ್ಯಗಳು

ನಾರ್ವೆಯಲ್ಲಿ 2012ರಲ್ಲಿ ಪ್ಯಾರಾಚೂಟ್ ಜಿಗಿತಗಾರನೊಬ್ಬನ ಹೆಲ್ಮೆಟ್ ಕ್ಯಾಮೆರಾದಲ್ಲಿ ಕಲ್ಲೊಂದು ಪಕ್ಕದಲ್ಲೇ ಹಾದುಹೋದ ದೃಶ್ಯ ದಾಖಲಾಗಿತ್ತು. 2014ರಲ್ಲಿ ಅದು ಉಲ್ಕಾಶಿಲೆಯೆಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ಕಲ್ಲು ಹೊಳೆಯದಿದ್ದುದರಲ್ಲಿ ಅಸಹಜವೇನೂ ಇರಲಿಲ್ಲ. ವಾಯುಮಂಡಲದಲ್ಲಿ ವೇಗ ಕಳೆದುಕೊಂಡ ಉಲ್ಕೆ ನೆಲದಿಂದ ಹಲವು ಕಿ.ಮೀ. ಮೇಲೆಯೇ ಆರಿ, ಕೊನೆಯ ಹಂತದಲ್ಲಿ ಕತ್ತಲಾಗಿಯೇ ಬೀಳುತ್ತದೆ. ಆದರೆ ಇದ್ದದ್ದು ಒಬ್ಬನೇ ಜಿಗಿತಗಾರನ ದೃಶ್ಯ. ಪ್ಯಾರಾಚೂಟ್ ಮಡಚುವಾಗ ಸೇರಿಕೊಂಡ ಸಣ್ಣ ಕಲ್ಲು ಅದು ಬಿಚ್ಚಿಕೊಂಡಾಗ ಹೊರಬಿದ್ದಿರುವ ಸಂಭವವೇ ಹೆಚ್ಚೆಂದು ನಂತರದ ವಿಶ್ಲೇಷಣೆ ತೋರಿಸಿತು.

ಕಕ್ಷೆಯಿಂದ ಕಳಚಿಬೀಳುವ ಉಪಗ್ರಹ ಅಥವಾ ರಾಕೆಟ್ ಅವಶೇಷಗಳನ್ನೂ ಉಲ್ಕೆಯೆಂದು ಭ್ರಮಿಸುವುದುಂಟು. ಅವುಗಳ ವೇಗ ಸೆಕೆಂಡಿಗೆ 8 ಕಿ.ಮೀ.ಗಿಂತ ಕಡಿಮೆ; ಚೂರುಚೂರಾಗಿ ಒಂದು ನಿಮಿಷಕ್ಕೂ ಮೀರಿ ಆಗಸದಲ್ಲಿ ಕಾಣಿಸಬಹುದು. ಉಲ್ಕೆಯ ವೇಗ ಸೆಕೆಂಡಿಗೆ 11 ಕಿ.ಮೀ.ಗಿಂತ ಹೆಚ್ಚಿದ್ದು, ಬಹುತೇಕ ಕೆಲವೇ ಸೆಕೆಂಡುಗಳಲ್ಲಿ ಮರೆಯಾಗುತ್ತದೆ.

ಚಿತ್ರೀಕರಿಸುವವರಿಗೆ

ಸ್ಥಿರವಾದ ಕಟ್ಟಡವೊಂದು ದೃಶ್ಯದಲ್ಲಿರಬೇಕು. ಬೆಳಕು ಮಾಯವಾದರೂ ಧ್ವನಿಮುದ್ರಣ ಮುಂದುವರಿಯಬೇಕು. ಮೂಲ ಕಡತವನ್ನು ತಿದ್ದದೆ ಉಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕಿಟಕಿಯ ಬಳಿ ನಿಲ್ಲಬಾರದು. ಚೆಲ್ಯಾಬಿನ್‌ಸ್ಕ್‌ನಲ್ಲಿ ಬೆಳಕು ಕಂಡ ಎರಡು ನಿಮಿಷಗಳ ಆಸುಪಾಸಿನಲ್ಲಿ ಆಘಾತ ತರಂಗ ಬಂದೆರಗಿತು. ಗಾಯಗೊಂಡ ಸುಮಾರು 1,500 ಜನರಲ್ಲಿ ಹೆಚ್ಚಿನವರಿಗೆ ತಗುಲಿದ್ದು ಉಲ್ಕೆಯ ಚೂರಲ್ಲ, ಕಿಟಕಿಯ ಗಾಜು.