ಮಾಳಿಗೆಯಲ್ಲಿ ಯಾರಿದ್ದಾರೆ?

ಕೆಳಗೆ ಅಂಗಡಿ, ಮೇಲೆ ಸಂಸಾರ. ಸಿಂಗಪುರ, ಮಲಕ್ಕಾ, ಪೆನಾಂಗ್‌ನ ಜಾರ್ಜ್‌ಟೌನ್ ಮೊದಲಾದ ಬಂದರು ಊರುಗಳ ಹಳೆಯ ಪೇಟೆಗಳೆಲ್ಲ ಇಂಥ ಶಾಪ್‌ಹೌಸ್ ಸಾಲುಗಳೇ. ಆರು ದಶಕಗಳಲ್ಲಿ ಇವುಗಳನ್ನು ನೋಡುವ ಬಗೆ ಬಹಳ ಬದಲಾಯಿತು. ಮೊದಲು ಕೆಡವಬೇಕಾದ ಕೊಳೆಗೇರಿ, ಆಮೇಲೆ ಉಳಿಸಬೇಕಾದ ಪರಂಪರೆ, ಈಗ ಆಪತ್ತು ಬಂದರೂ ಚೇತರಿಸಿಕೊಳ್ಳಬಲ್ಲ ನಗರಕ್ಕೆ ಮಾದರಿ. ಈ ಹಾದಿಯಲ್ಲಿ ಗಳಿಸಿದ ತಿಳಿವಳಿಕೆ ದೊಡ್ಡದು. ಆದರೆ ಮಾಳಿಗೆಯಲ್ಲಿ ಬಾಡಿಗೆಗಿದ್ದವರ ಪ್ರಶ್ನೆ ಮಾತ್ರ ಪ್ರತಿ ಸಲವೂ ತಡವಾಗಿಯೇ ಎದ್ದಿತು. ಪೇಟೆಯ ತಾಳಿಕೆ (ಚೇತರಿಸಿಕೊಳ್ಳುವ ಶಕ್ತಿ) ನಿಂತಿರುವುದು ಮುಖ್ಯವಾಗಿ ಅವರ ಮೇಲೆ ಎಂಬುದು ನನ್ನ ವಾದ.

ಕಟ್ಟಡದ ರಚನೆಯೇ ಇದಕ್ಕೆ ಮೊದಲ ಸಾಕ್ಷಿ. 1822ರಲ್ಲಿ ಸಿಂಗಪುರದ ಪೇಟೆಯ ಯೋಜನೆಗೆ ಸೂಚನೆ ಬರೆದ ಸ್ಟಾಂಫರ್ಡ್ ರಾಫಲ್ಸ್, ಪ್ರತಿ ಮನೆಯ ಮುಂದೆಯೂ ಜನ ಓಡಾಡಲು ಮಾಡಿನಡಿಯ ಜಗಲಿ ಬಿಡಬೇಕೆಂದು ವಿಧಿಸಿದ. ‘ಐದಡಿ ದಾರಿ’ ಎಂದು ಹೆಸರಾದದ್ದು ಅದೇ; ಬೀದಿಯುದ್ದಕ್ಕೂ ಮಳೆಬಿಸಿಲಿಗೆ ಮರೆ. ಮರದ ತೊಲೆ ಎಷ್ಟು ಉದ್ದವೋ ಮನೆ ಸುಮಾರಾಗಿ ಅಷ್ಟೇ ಅಗಲ. ಹಿಂದಕ್ಕೆ ಮಾತ್ರ ಉದ್ದಕ್ಕೆ ಸಾಗುತ್ತದೆ, ನಡುವೆ ಗಾಳಿಬೆಳಕಿಗೆ ತೊಟ್ಟಿ. ಇಟ್ಟಿಗೆ ಗೋಡೆಗೆ ಸುಣ್ಣದ ಗಾರೆ. ನೆಲದಿಂದ ಏರಿದ ತೇವ ಗಾರೆಯ ಮೂಲಕ ಆವಿಯಾಗಿ ಹೋಗುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಹೊರಹೋಗಲು ದಾರಿಯಿಲ್ಲದ ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ. ಉಪ್ಪು ಕಟ್ಟಿ ಇಟ್ಟಿಗೆ ಉದುರುತ್ತದೆ, ಗೋಡೆಯಲ್ಲಿ ಹುದುಗಿದ ತೊಲೆಯ ತುದಿ ಕೊಳೆಯುತ್ತದೆ. ಇದನ್ನೆಲ್ಲ ವಿವರವಾಗಿ ದಾಖಲಿಸಿದ್ದು ಸಂರಕ್ಷಣಾ ತಜ್ಞರ ನಿಜವಾದ ಸಾಧನೆ. ಆದರೆ ಇಂಥ ಕಟ್ಟಡಕ್ಕೆ ದಿನದಿನದ ಆರೈಕೆ ಬೇಕು. ಹೆಂಚು ಸರಿದು ಸೋರತೊಡಗಿದ್ದು ಮೊದಲು ಗೊತ್ತಾಗುವುದು ಅದರಡಿ ಮಲಗುವವರಿಗೆ. ರಾತ್ರಿ ಬೀಗ ಹಾಕಿ ಹೋಗುವ ಕಚೇರಿಗೆ ಅದು ಗೊತ್ತಾಗುವ ಹೊತ್ತಿಗೆ ತೊಲೆ ನೆನೆದಿರುತ್ತದೆ.

ಹಳೆಯ ವಾಸವನ್ನು ಕೊಂಡಾಡುವುದು ಬಡತನವನ್ನೇ ಚೆಂದಗೊಳಿಸಿದಂತೆ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಸಿಂಗಪುರದ ಅಪ್ಪರ್ ನಾನ್‌ಕಿನ್ ಬೀದಿಯ ಕುಟುಂಬಗಳ ಬಗ್ಗೆ ಬ್ಯಾರಿಂಗ್ಟನ್ ಕೇ ನಡೆಸಿ 1960ರಲ್ಲಿ ಪ್ರಕಟಿಸಿದ ಅಧ್ಯಯನ, ಹಲಗೆಯಿಂದ ಬೇರ್ಪಡಿಸಿದ ಕಿಷ್ಕಿಂಧೆಯಂಥ ಕೋಣೆಗಳಲ್ಲಿ ಸಂಸಾರಗಳು ಹೇಗೆ ಬದುಕುತ್ತಿದ್ದವು ಎಂಬುದಕ್ಕೆ ಕನ್ನಡಿ. ಅದೇ ವರ್ಷ ಆರಂಭವಾದ ವಸತಿ ಮಂಡಳಿ ಆ ಜನರಿಗೆ ನಲ್ಲಿ, ಶೌಚಾಲಯ, ಸ್ವಂತ ಬಾಗಿಲು ಕೊಟ್ಟಿತು. ಅದನ್ನು ಹಳಿಯುವವರು ಆ ಪುಸ್ತಕ ಓದಬೇಕು. ಆದರೆ ದಟ್ಟಣೆ ಇಳಿಸುವುದು ಬೇರೆ, ವಾಸವನ್ನೇ ಅಳಿಸುವುದು ಬೇರೆ. 1987ರ ಹೊತ್ತಿಗೆ ಟಾಂಜೊಂಗ್ ಪಗಾರ್‌ನಲ್ಲಿ ಮನೆಗಳನ್ನು ದುರಸ್ತಿ ಮಾಡಿ ತೋರಿಸಿದ ಸರ್ಕಾರ, 1989ರಲ್ಲಿ ಚೈನಾಟೌನ್, ಲಿಟ್ಲ್ ಇಂಡಿಯಾ, ಬೋಟ್ ಕೀ ಮೊದಲಾದ ಪ್ರದೇಶಗಳನ್ನು ಸಂರಕ್ಷಿತವೆಂದು ಘೋಷಿಸಿತು. ಇಂದು ಇಡೀ ಸಿಂಗಪುರದಲ್ಲಿ ಸಂರಕ್ಷಿತ ಕಟ್ಟಡಗಳು 7,000ಕ್ಕೂ ಹೆಚ್ಚು. ಸೂರು, ತೊಲೆ, ಕಿಟಕಿ ಉಳಿದವು. ಮಾಳಿಗೆಗಳಲ್ಲಿ ಬಹುಪಾಲು ಕಚೇರಿ, ಹೋಟೆಲು, ಬಾರು ಬಂದವು.

ಜಾರ್ಜ್‌ಟೌನ್‌ನ ಕಥೆ ಇನ್ನೂ ತೊಡಕಿನದು. 1948ಕ್ಕಿಂತ ಹಿಂದಿನ ಕಟ್ಟಡಗಳ ಬಾಡಿಗೆಯನ್ನು ಮಲೇಷ್ಯಾದ ಕಾನೂನು ಹಿಡಿದಿಟ್ಟಿತ್ತು. ಆ ಬಾಡಿಗೆಯಲ್ಲಿ ರಿಪೇರಿ ಮಾಡಿಸಿದರೆ ಗಿಟ್ಟುವುದಿಲ್ಲವೆಂದು ಒಡೆಯರು ಕೈಬಿಟ್ಟರು, ಮನೆಗಳು ಶಿಥಿಲವಾದವು. ನಿಯಂತ್ರಣದ ವಿರುದ್ಧ ಹೇಳುವ ಈ ಮಾತು ನಿಜ. ಆದರೆ ದಲ್ಲಾಳಿಗಳ ಕೈಗೆ ಪೇಟೆ ಸಿಗದೆ ಉಳಿದದ್ದೂ ಅದರಿಂದಲೇ. 1999ರ ಕೊನೆಗೆ ನಿಯಂತ್ರಣ ಪೂರ್ತಿ ತೆರವಾದಾಗ ಬಾಡಿಗೆ ಏರಿ ಎಷ್ಟೋ ಕುಟುಂಬಗಳು, ಕಸುಬುದಾರರು ಜಾಗ ಖಾಲಿ ಮಾಡಿದರು. ಖಾಲಿ ಮನೆಗಳಲ್ಲಿ ಕೆಲವನ್ನು ತಿನ್ನುವ ಗೂಡಿನ ವ್ಯಾಪಾರಕ್ಕಾಗಿ ಸ್ವಿಫ್ಟ್‌ಲೆಟ್ ಹಕ್ಕಿಗಳಿಗೆ ಬಿಟ್ಟುಕೊಟ್ಟರು! 2008ರಲ್ಲಿ ಮಲಕ್ಕಾದ ಜೊತೆಗೆ ಯುನೆಸ್ಕೋ ಪಟ್ಟಿ ಸೇರುವ ಹೊತ್ತಿಗೆ, ಆ ಗೌರವಕ್ಕೆ ಕಾರಣವಾದ ಜೀವಂತ ಪೇಟೆ ಆಗಲೇ ತೆಳುವಾಗಿತ್ತು. ಹಳೆಯ ಕಟ್ಟಡದ ಅಗ್ಗದ ಬಾಡಿಗೆಯೇ ಹೊಸ ಕಸುಬಿಗೆ ನೆಲೆ ಎಂದು ನಗರ ಚಿಂತಕಿ ಜೇನ್ ಜೇಕಬ್ಸ್ 1961ರಲ್ಲೇ ವಾದಿಸಿದ್ದರು. ಜೀರ್ಣೋದ್ಧಾರ ಯಶಸ್ವಿಯಾದಷ್ಟೂ ಆ ಅಗ್ಗದ ಬಾಡಿಗೆ ಹೋಗುತ್ತದೆ. ಸಂರಕ್ಷಣಾ ಕ್ಷೇತ್ರ ಇನ್ನೂ ಬಿಡಿಸದ ಗಂಟು ಇದು.

ತಾಳಿಕೆಯ ಪರಿಕಲ್ಪನೆ ಈ ಕ್ಷೇತ್ರಕ್ಕೆ ಬಂದದ್ದು ಪರಿಸರ ವಿಜ್ಞಾನದಿಂದ. ಮೊದಲಿನ ಸ್ಥಿತಿಗೆ ಬೇಗ ಮರಳುವುದೇ ಬೇರೆ, ಪೆಟ್ಟು ತಿಂದು ಬದಲಾಗಿಯೂ ಬಾಳುವುದೇ ಬೇರೆ ಎಂದು ಸಿ. ಎಸ್. ಹಾಲಿಂಗ್ 1973ರಲ್ಲಿ ತೋರಿಸಿಕೊಟ್ಟರು. 2011ರ ಯುನೆಸ್ಕೋ ಶಿಫಾರಸು ಪರಂಪರೆಯನ್ನು ಬಿಡಿ ಕಟ್ಟಡಗಳಿಗೆ ಸೀಮಿತಗೊಳಿಸದೆ, ಜನಜೀವನ ಸಮೇತ ಇಡೀ ನಗರವನ್ನು ನೋಡಬೇಕೆಂದಿತು. ಪೇಟೆಯ ಜನ ಯಾವಾಗಲೂ ಬದಲಾಗುತ್ತಲೇ ಬಂದಿದ್ದಾರಲ್ಲ, ಈಗಿನವರನ್ನೇ ಏಕೆ ಹಿಡಿದಿಡಬೇಕು ಎಂದು ಕೇಳುವವರಿಗೆ ಉತ್ತರವೂ ಹಾಲಿಂಗ್‌ರಲ್ಲಿದೆ. ಇಂತಿಂಥ ಕುಟುಂಬವೇ ಇರಬೇಕೆಂದಲ್ಲ. ಬಗೆಬಗೆಯ ಬದುಕು ಇರಬೇಕು. 2020ರ ಮಾರ್ಚ್‌ನಲ್ಲಿ ಮಲೇಷ್ಯಾ ಸಂಚಾರ ನಿರ್ಬಂಧ ಹೇರಿದಾಗ ಪ್ರವಾಸಿಗರನ್ನೇ ನೆಚ್ಚಿದ್ದ ವಸತಿಗೃಹ, ಕೆಫೆಗಳಿಗೆ ಗಿರಾಕಿಯೇ ಇಲ್ಲವಾಯಿತು. ಮಾಳಿಗೆಯಲ್ಲಿ ಜನರಿದ್ದ ಬೀದಿಯ ದಿನಸಿ ಅಂಗಡಿಗೆ ಆಗಲೂ ಕೊಳ್ಳುವವರಿದ್ದರು.

ಹಾಗಾದರೆ ಹಳೆಯ ಬಾಡಿಗೆ ಕಾನೂನನ್ನೇ ಮತ್ತೆ ತರಬೇಕೇ? ಬೇಡ, ಅದು ಒಡೆಯನೊಬ್ಬನ ಮೇಲೆಯೇ ಪೂರ್ತಿ ಹೊರೆ ಹೊರಿಸಿತ್ತು. ದುರಸ್ತಿಗೆ ಸಾರ್ವಜನಿಕ ಹಣ ಕೊಡುವಾಗ, ಇರುವ ಬಾಡಿಗೆದಾರನಿಗೆ ದೀರ್ಘಾವಧಿಯ ಕರಾರು ಬರೆದುಕೊಡಬೇಕೆಂಬ ಷರತ್ತು ಹಾಕಬಹುದು. ಹಣ ಸಮಾಜದ್ದಾದ ಮೇಲೆ ಷರತ್ತೂ ಸಮಾಜದ್ದಾಗುವುದರಲ್ಲಿ ಒಡೆಯರಿಗೆ ಅನ್ಯಾಯವಿಲ್ಲ. ಸಂರಕ್ಷಣಾ ವರದಿಗಳಲ್ಲಿ ಗೋಡೆಯ ತೇವ, ತೊಲೆಯ ಗೆದ್ದಲುಗಳ ಜೊತೆಗೆ ಆ ಬೀದಿಯಲ್ಲಿ ರಾತ್ರಿ ಎಷ್ಟು ಮಂದಿ ಮಲಗುತ್ತಾರೆ ಎಂಬ ಲೆಕ್ಕವೂ ವರ್ಷವರ್ಷ ದಾಖಲಾಗಬೇಕು.